ಎರಡನೇ ಮಹಡಿಯ ಗನ್ನರ್

ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ಒಬ್ಬ ವೀರ ಇದ್ದಾನೆ. ಇದು ನನ್ನ ಮಾತಲ್ಲ, ಕತಾರಿನ ಅಲ್ ಸದ್ದ್ ಬಡಾವಣೆಯ ಈ ಬೀದಿಯಲ್ಲಿರುವ ನಮ್ಮ ಊರಿನವರೆಲ್ಲರ ಮಾತು. ವಾಯುಪಡೆಯಲ್ಲಿ ಹೆಲಿಕಾಪ್ಟರಿನ ಗನ್ನರ್ ಆಗಿದ್ದವನು. ಯುದ್ಧದ ದಿನಗಳಲ್ಲಿ ತೆರೆದ ಬಾಗಿಲ ಬಳಿ ಮೆಷಿನ್ ಗನ್ ಹಿಡಿದು ಕೂತು ಹಿಮದ ಬೆಟ್ಟಗಳ ನಡುವೆ ಹಾರಿದವನು. ನಾನಿರುವುದು ನಾಲ್ಕನೇ ಮಹಡಿಯಲ್ಲಿ. ಅದೇ ವಾಯುಪಡೆ, ಅದೇ ಯುದ್ಧ. ಆದರೆ ನಾನು ರಾಡಾರ್ ಆಪರೇಟರ್, ಕತ್ತಲ ಕೋಣೆಯಲ್ಲಿ ಪರದೆಯ ಮುಂದೆ ಕೂತಿದ್ದವನು. ಕೂತವನ ಕತೆ ಯಾರಿಗೆ ಬೇಕು?

ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಎದುರಿಗೆ ಸಿಕ್ಕಿದರೆ "ನೀವು, ತಾವು" ಎನ್ನುತ್ತೇನೆ, ಲಿಫ್ಟಿನ ಬಾಗಿಲು ಹಿಡಿದು ನಿಲ್ಲುತ್ತೇನೆ. ಮನಸ್ಸಿನೊಳಗೆ ಮಾತ್ರ ಅವನು ಯಾವತ್ತೂ "ಅವನು". ಇಲ್ಲಿ ಬರೆಯುವಾಗಲೂ ಅವನೇ.

ಈ ಕಿಚ್ಚು ನಮ್ಮ ಪರಿಚಯಕ್ಕಿಂತ ಹಳೆಯದು, ಅವನ ಮುಖ ನೋಡುವ ಮೊದಲೇ ಹತ್ತಿಕೊಂಡದ್ದು. ಸೇವೆಗೆ ಸೇರಿದ ಹೊಸತರಲ್ಲಿ ನಾನೂ ಗನ್ನರ್ ಆಗಬೇಕೆಂದು ಅರ್ಜಿ ಹಾಕಿದ್ದೆ. ಹಾರುವ ಗನ್ನರುಗಳು ಎದೆಯ ಮೇಲೆ ಒಂಟಿ ರೆಕ್ಕೆಯ ಬಿಲ್ಲೆ ಧರಿಸುತ್ತಾರೆ. ಕ್ಯಾಂಟೀನಿನಲ್ಲಿ ಆ ರೆಕ್ಕೆಯವನು ಬಂದರೆ ಸಾಲು ತಾನಾಗಿ ಜಾಗ ಬಿಡುತ್ತಿತ್ತು. ನನಗೂ ಆ ರೆಕ್ಕೆ ಬೇಕಿತ್ತು. ವೈದ್ಯರು ನನ್ನ ಎಡಗಿವಿಯೊಳಗೆ ದೀಪ ಹಾಕಿ ನೋಡಿ ತಲೆ ಅಲ್ಲಾಡಿಸಿದರು. ಅಲ್ಲಿಗೆ ಮುಗಿಯಿತು, ನಾನು ನೆಲದವನಾದೆ.

ನೆಲದವನ ಕೆಲಸ ಹೀಗೆ. ದುಂಡನೆಯ ಪರದೆಯ ಮೇಲೆ ಬೆಳಕಿನ ಗೆರೆಯೊಂದು ಸುತ್ತುತ್ತಲೇ ಇರುತ್ತದೆ. ಆಕಾಶದಲ್ಲಿ ಏನಾದರೂ ಇದ್ದರೆ ಅಲ್ಲೊಂದು ಚುಕ್ಕೆ ಮೂಡುತ್ತದೆ. ಚುಕ್ಕೆಗೆ ಹೆಸರಿಲ್ಲ, ಒಂದು ಸಂಖ್ಯೆ ಅಷ್ಟೆ. ಅದು ಎಲ್ಲಿದೆ, ಎತ್ತ ಹೊರಟಿದೆ ಎಂದು ನಾವು ಮೈಕಿನಲ್ಲಿ ಒಂದೇ ಸ್ವರದಲ್ಲಿ ಹೇಳುತ್ತಾ ಹೋಗಬೇಕು. ಹೆಲಿಕಾಪ್ಟರುಗಳಂತೂ ಬೆಟ್ಟದ ಸಂದಿಗೆ ಇಳಿದರೆ ಪರದೆಯಿಂದಲೇ ಮಾಯ. ಮತ್ತೆ ಕಾಣುವವರೆಗೆ ಖಾಲಿ ಜಾಗವನ್ನೇ ನೋಡುತ್ತಾ ಕೂತಿರಬೇಕು. ಹೊಟ್ಟೆ ನೋಯಲಿ, ಸೈರನ್ ಕೂಗಲಿ, ಬದಲಿಯವನು ಬಂದು ಹೆಗಲು ಮುಟ್ಟಿ "ಇನ್ನು ನಾನು ನೋಡುತ್ತೇನೆ" ಎನ್ನುವವರೆಗೆ ಕುರ್ಚಿ ಬಿಡುವಂತಿಲ್ಲ. ಇದನ್ನೆಲ್ಲ ಒಮ್ಮೆ ಮಗಳಿಗೆ ಉತ್ಸಾಹದಿಂದ ವಿವರಿಸಿದೆ. ಅವಳು "ಓಕೆ" ಅಂದಳು.

ಈಗಲೂ ನಾನು ಕೂತೇ ಇದ್ದೇನೆ. ವೆಸ್ಟ್ ಬೇಯ ಒಂದು ಗಗನಚುಂಬಿ ಕಟ್ಟಡದ ನೆಲಮಾಳಿಗೆಯಲ್ಲಿ ಕ್ಯಾಮೆರಾಗಳ ಪರದೆಗಳನ್ನು ನೋಡುವುದು ನನ್ನ ಉದ್ಯೋಗ. ಅವನು ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಕಂಪನಿಯ ಬಸ್ಸುಗಳ ಮೇಲ್ವಿಚಾರಕ. ಹೆಂಡತಿ ಮತ್ತು ಮಗನನ್ನು ಮಂಗಳೂರಿನಲ್ಲಿ ಬಿಟ್ಟು ಒಂಟಿಯಾಗಿದ್ದಾನೆ. ಬಿಸಿಲಲ್ಲಿ ಓಡಾಡಿ ಓಡಾಡಿ ಮುಖ ತಾಮ್ರದ ಬಣ್ಣಕ್ಕೆ ತಿರುಗಿದೆ, ಅದೂ ಅವನಿಗೆ ಒಪ್ಪುತ್ತದೆ. ನನ್ನ ಮುಖ ಟ್ಯೂಬ್‌ಲೈಟಿನ ಕೆಳಗೆ ಬಿಳಚಿಕೊಂಡಿದೆ.

ನಮ್ಮ ಊರಿನವರ ಸಂಘದಲ್ಲಿ ಸ್ವಾತಂತ್ರ್ಯ ದಿನ ಬಂದರೆ ಶಾಲು ಅವನಿಗೆ, ಮೈಕು ಅವನಿಗೆ. ಬಾಯಿ ಇದ್ದವ ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ಇವನಿಗೆ ಬರಗಾಲ ಬಂದದ್ದೇ ಇಲ್ಲ. ಮೊದಲ ವರ್ಷ ಅವನ ಕತೆಯಲ್ಲಿ ಹಿಮ ಮೊಣಕಾಲಿನವರೆಗೆ ಇತ್ತು. ಮರುವರ್ಷ ಸೊಂಟಕ್ಕೆ ಬಂತು. ನಾನು ಮೂರನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಾ, ಬರುವ ವರ್ಷ ಇವನು ಕುತ್ತಿಗೆವರೆಗೆ ಮುಳುಗುತ್ತಾನೆ ಎಂದುಕೊಂಡೆ.

ಶಾಲು ಹೋದರೆ ಹೋಗಲಿ. ನನ್ನ ಹೊಟ್ಟೆಗೆ ನಿಜವಾಗಿ ಬೆಂಕಿ ಬಿದ್ದದ್ದು ಮಗಳ ವಿಷಯದಲ್ಲಿ. ನಮಗಿರುವುದು ಒಬ್ಬಳೇ ಮಗಳು, ಹನ್ನೊಂದನೇ ತರಗತಿ. ಯುದ್ಧದಲ್ಲಿ ಸೇವೆ ಮಾಡಿದ ಒಬ್ಬರನ್ನು ಮಾತಾಡಿಸಿ ಬರೆಯಿರಿ ಎಂದು ಅವಳ ಶಾಲೆಯಲ್ಲಿ ಹೇಳಿದ್ದರು. ನಾನು ಆ ಸಂಜೆ ಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿ, ಸೋಫಾದಲ್ಲಿ ಕೂತೆ. ಅವಳು ಬಂದು, "ಡ್ಯಾಡಿ, ಸೆಕೆಂಡ್ ಫ್ಲೋರ್ ಅಂಕಲ್ ಫ್ರೈಡೇ ಫ್ರೀ ಇರ್ತಾರಾ?" ಎಂದು ಕೇಳಿದಳು.

"ನಾನಿಲ್ವಾ?" ಎಂದೆ. ನಗುತ್ತಲೇ ಎಂದೆ.

"ನಿಮ್ಮದು ಡೆಸ್ಕ್ ಜಾಬ್ ಅಲ್ವಾ ಡ್ಯಾಡಿ. ಟೀಚರ್ ಕೇಳಿದ್ದು ವಾರ್ ಎಕ್ಸ್‌ಪೀರಿಯನ್ಸ್."

ಹಿತ್ತಲ ಗಿಡ ಮದ್ದಲ್ಲ. ಇಷ್ಟು ವರ್ಷ ಬೇರೆಯವರ ಮೇಲೆ ಪ್ರಯೋಗಿಸುತ್ತಿದ್ದ ಗಾದೆ ಆ ದಿನ ನನ್ನ ಮೇಲೆಯೇ ಬಂದು ಕೂತಿತು.

ಶುಕ್ರವಾರ ಅವನು ಊಟಕ್ಕೇ ಬಂದ. ಕರೆದದ್ದು ನನ್ನ ಹೆಂಡತಿ. ಅವಳು ಆಸ್ಪತ್ರೆಯಲ್ಲಿ ನರ್ಸ್, ದಿನವಿಡೀ ದುಡಿದು ಬರುವವಳು. ವಾರದ ರಜೆಯಲ್ಲಿ ನನಗೆ ಅನ್ನ ಸಾರು ಮಾಡುವುದೇ ಹೆಚ್ಚು. ಆ ದಿನ ಅಂಜಲ್ ಫ್ರೈ, ಕೋಳಿ ಸುಕ್ಕ, ನೀರುದೋಸೆ. ಮೀನಿನ ದೊಡ್ಡ ತುಂಡು ಅವನ ತಟ್ಟೆಗೆ, ಬಾಲದ ತುಂಡು ನನ್ನದಕ್ಕೆ ಬಿತ್ತು. ಊಟದ ಮೇಲೆ ಮಗಳು ಫೋನನ್ನು ಅವನ ಮುಂದಿಟ್ಟು ರೆಕಾರ್ಡಿಂಗ್ ಶುರು ಮಾಡಿದಳು. ಅವನು ಹೇಳಿದ, ಅವಳು ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ನನ್ನ ಮಗಳು ಅಷ್ಟು ಹೊತ್ತು ಯಾರದೋ ಮಾತು ಕೇಳುತ್ತಾ ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕೆಳಗಿನಿಂದ ಬಂದ ಗುಂಡೊಂದು ಹೆಲಿಕಾಪ್ಟರಿನ ಹೊಟ್ಟೆ ತೂರಿ ಅವನ ಕಾಲಿನ ಪಕ್ಕದಿಂದಲೇ ಹೋದ ಪ್ರಸಂಗ ಬಂತು. ಆ ದಿನಗಳಲ್ಲಿ ನಾವು ಕೆಳಗೆ ಹೇಗೆ ಕಾಯುತ್ತಿದ್ದೆವು ಎಂದು ಹೇಳಲು ನಾನು ಬಾಯಿ ತೆರೆದೆ.

"ಡ್ಯಾಡಿ, ರೆಕಾರ್ಡಿಂಗ್ ಆಗ್ತಾ ಉಂಟು," ಎಂದಳು ಮಗಳು.

ಅವನು ನಕ್ಕು, "ನಿನ್ನ ಡ್ಯಾಡಿಗೆ ಎಂತ ಮಾರಾಯ್ತಿ, ಎಸಿಯಲ್ಲಿ ಕೂತು ಯುದ್ಧ ಮಾಡಿದವರು," ಎಂದ. ಎಲ್ಲರೂ ನಕ್ಕರು, ನನ್ನ ಹೆಂಡತಿಯೂ ಸೇರಿ. ಎಸಿ ಇದ್ದದ್ದು ನಿಜ. ಅದು ಇದ್ದದ್ದು ಯಂತ್ರ ಬಿಸಿಯಾಗಬಾರದೆಂದು, ನಮಗಾಗಿ ಅಲ್ಲ. ಆದರೆ ನಗು ಮುಗಿದ ಮೇಲೆ ಇಂಥದ್ದನ್ನು ವಿವರಿಸಲು ಹೋಗುವವನು ಇನ್ನಷ್ಟು ಮೂರ್ಖನಾಗುತ್ತಾನೆ. ನಾನು ಎದ್ದು ಹೋಗಿ ಚಹಾ ಮಾಡಿಕೊಂಡು ಬಂದೆ. ಅವನ ಚಹಾಕ್ಕೆ ಸಕ್ಕರೆ ಹಾಕಲಿಲ್ಲ. ಅವನು ಅದನ್ನೂ ಹೊಗಳಿ ಕುಡಿದ.

ಆಮೇಲೆ ಆ ಬೇಸಿಗೆಯ ಸಂಜೆ ಬಂತು. ಕತಾರಿನಲ್ಲಿರುವವರಿಗೆ ಯಾವ ಸಂಜೆ ಎಂದು ಹೇಳಬೇಕಾಗಿಲ್ಲ. ಆಕಾಶಮಾರ್ಗ ಮುಚ್ಚಿದ್ದಾರೆ ಎಂಬ ಸುದ್ದಿ ಫೋನಿನಿಂದ ಫೋನಿಗೆ ಹಾರುತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ಕಿಟಕಿಯ ಗಾಜು ನಡುಗಿತು. ಕೊಲ್ಲಿಯಾಚೆಯ ದೇಶವೊಂದು ಇಲ್ಲಿನ ಸೇನಾ ನೆಲೆಯತ್ತ ಕ್ಷಿಪಣಿ ಬಿಟ್ಟಿತ್ತು, ದೂರದ ಆಕಾಶದಲ್ಲಿ ಬೆಳಕು ಏರಿ ಒಡೆಯುತ್ತಿತ್ತು. ಹೆಂಡತಿ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದಳು, ಕಾರು ಅವಳ ಬಳಿ. ಮಗಳು ಓಲ್ಡ್ ಏರ್‌ಪೋರ್ಟ್ ಕಡೆ ಟ್ಯೂಷನ್ನಿಗೆ ಹೋಗಿದ್ದಳು.

ಅವಳ ಫೋನು ಬಂತು. "ಡ್ಯಾಡಿ, ಮೇಲೆ ಎಂತದೋ ಬ್ಲಾಸ್ಟ್ ಆಗ್ತಾ ಉಂಟು. ಎಲ್ಲರೂ ಹೊರಗೆ ಓಡ್ತಿದ್ದಾರೆ. ಬನ್ನಿ ಡ್ಯಾಡಿ." ಅವಳು ಅಳುತ್ತಿದ್ದಳು. ಗೋಡೆಯ ಬದಿಗೆ ನಿಲ್ಲು, ನಿನ್ನ ಲೊಕೇಶನ್ ಕಳಿಸು, ಎಂದೆ. ಟ್ಯಾಕ್ಸಿಗೆ ಪ್ರಯತ್ನಿಸಿದೆ, ಒಂದೂ ಸಿಗಲಿಲ್ಲ.

ಬಾಗಿಲು ಬಡಿದ ಸದ್ದಾಯಿತು. ಅವನೇ. ಲುಂಗಿಯ ಮೇಲೊಂದು ಶರ್ಟು, ಕೈಯಲ್ಲಿ ಕಾರಿನ ಕೀ. "ಮಗಳಿಗೆ ಇವತ್ತು ಟ್ಯೂಷನ್ ಅಲ್ವಾ? ನಾನು ಹೋಗಿ ಕರ್ಕೊಂಡು ಬರ್ತೇನೆ. ನನ್ನ ಲೊಕೇಶನ್ ಕಳಿಸ್ತೇನೆ, ನೀವು ಇಲ್ಲಿಂದ ದಾರಿ ನೋಡಿ ಹೇಳಿ," ಎಂದವನೇ ಮೆಟ್ಟಿಲು ಇಳಿದು ಓಡಿದ. ನನ್ನ ಮಗಳ ಟ್ಯೂಷನ್ನಿನ ದಿನ ಕೂಡ ಇವನಿಗೆ ಬಾಯಿಪಾಠ ಎಂದು ಆ ಗಡಿಬಿಡಿಯಲ್ಲೂ ಉರಿದುಕೊಂಡೆ. ಆದರೆ ನಾನು ಮಾಡಿದ್ದೇನು? ಕುರ್ಚಿ ಎಳೆದು ಕೂತೆ.

ಫೋನಿನ ನಕ್ಷೆಯಲ್ಲಿ ಈಗ ಎರಡು ಚುಕ್ಕೆಗಳು. ಒಂದು ಅಲುಗದ ಚುಕ್ಕೆ, ನನ್ನ ಮಗಳು. ಇನ್ನೊಂದು ನಮ್ಮ ಬೀದಿಯಿಂದ ಹೊರಬೀಳುತ್ತಿದ್ದ ಚುಕ್ಕೆ, ಅವನು. ಹೆಂಡತಿಯ ಹಳೆಯ ಫೋನಿನಿಂದ ಅವನಿಗೆ ಕರೆ ಮಾಡಿ ಮಾತಾಡತೊಡಗಿದೆ. ಬಲಕ್ಕೆ ಬೇಡ, ಮುಂದೆ ನಕ್ಷೆಯಲ್ಲಿ ರಸ್ತೆ ಕೆಂಪಗಿದೆ, ಟ್ರಾಫಿಕ್. ನೇರ ಹೋಗಿ. ಎರಡನೇ ಸಿಗ್ನಲ್‌ನಲ್ಲಿ ಎಡಕ್ಕೆ. ಅವನು ವಾಯುಪಡೆಯ ರೇಡಿಯೋ ಭಾಷೆಯಲ್ಲಿ "ಕಾಪಿ", ಅಂದರೆ ಕೇಳಿಸಿತು, ಎನ್ನುತ್ತಿದ್ದ, ಅಷ್ಟೇ. ಅಷ್ಟು ಮಾತುಗಾರ ಒಂದು ಶಬ್ದ ಹೆಚ್ಚು ಆಡಲಿಲ್ಲ. ನನ್ನ ಗಂಟಲಿನಿಂದ ಎಷ್ಟೋ ವರ್ಷಗಳ ಹಿಂದಿನ ಆ ಸ್ವರ ಹೊರಟಿತ್ತು, ಏರಿಳಿತವಿಲ್ಲದ, ಅವಸರವಿಲ್ಲದ ಸ್ವರ. ಮೈಯೆಲ್ಲ ಬೆವರಿ ಅಂಗಿ ಒದ್ದೆಯಾಗಿತ್ತು, ಸ್ವರ ಮಾತ್ರ ನಡುಗಲಿಲ್ಲ.

ಎರಡು ಚುಕ್ಕೆಗಳು ಒಂದಾದವು. "ಹತ್ತಿದಳು," ಎಂದ ಅವನು. ನಾನು ಉಸಿರು ಬಿಟ್ಟೆ. ಬಿಟ್ಟ ಉಸಿರು ಪೂರ್ತಿ ಹೊರಗೆ ಹೋಗುವ ಮೊದಲೇ ಇನ್ನೊಂದು ಯೋಚನೆ ಬಂದು ಕಚ್ಚಿತು. ಈ ಫೋನನ್ನು ಕೈಯಲ್ಲಿ ಹಿಡಿದುಕೊಂಡು ನಾನೂ ಅದೇ ಕಾರಿನಲ್ಲಿ ಹೋಗಬಹುದಿತ್ತಲ್ಲ! ಇದೇನು ನೆಲಕ್ಕೆ ಬಿಗಿದ ರಾಡಾರೇ? ನನಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ. ಒಬ್ಬ ಹಾರಬೇಕು, ಒಬ್ಬ ಕೂತು ನೋಡಬೇಕು ಎಂಬುದು ಇಬ್ಬರ ತಲೆಯಲ್ಲೂ ಅಷ್ಟು ಗಟ್ಟಿಯಾಗಿ ಕೂತುಬಿಟ್ಟಿತ್ತು. ಬನ್ನಿ ಡ್ಯಾಡಿ ಎಂದಿದ್ದಳು ಮಗಳು. ಹೋದದ್ದು ಅವನು. ಇನ್ನು ನನ್ನ ಮೊಮ್ಮಕ್ಕಳಿಗೂ ಇದೇ ಕತೆ, ಅದರಲ್ಲೂ ಅವನೇ ವೀರ.

ಬರುವ ದಾರಿಯಲ್ಲಿ ಅವನು ನನ್ನನ್ನು ಸ್ಪೀಕರಿಗೆ ಹಾಕಿದ. ಮತ್ತೊಂದು ಸ್ಫೋಟ ನನಗಿಲ್ಲಿ ಕೇಳಿಸಿತು, ಕ್ಷಣ ಬಿಟ್ಟು ಫೋನಿನೊಳಗಿಂದ ಮಗಳ ಚೀರಾಟ ಕೇಳಿಸಿತು. ನಾನು ಏನೂ ಆಗದವನಂತೆ, ಮುಂದಿನ ತಿರುವು ಬಲಕ್ಕೆ, ಎಂದೆ. ಅವಳು ಅವನನ್ನು ಕೇಳುವುದು ಕೇಳಿಸಿತು: "ಅಂಕಲ್, ಡ್ಯಾಡಿಗೆ ಹೆದ್ರಿಕೆ ಆಗುದಿಲ್ವಾ?"

"ಹೆದ್ರಿಕೆ ಆದ್ರೂ ಅವರು ತೋರಿಸ್ಲಿಕ್ಕಿಲ್ಲ ಮಗಾ. ಮೇಲೆ ಇರುವಾಗ ನಮ್ಮ ಕಿವಿಯಲ್ಲಿ ಇಂಥದ್ದೇ ಸ್ವರ ಇರ್ತಿತ್ತು. ಅದು ಉಂಟು ಅಂದ್ರೆ ಧೈರ್ಯ."

ನೋಡಿ ಅವನ ಚಾಲಾಕಿತನ. ನನ್ನ ಬಗ್ಗೆ ನನ್ನ ಮಗಳಿಗೆ ಹೇಳಬೇಕಾದ ಒಂದೇ ಒಂದು ಒಳ್ಳೆಯ ಮಾತು, ಅದನ್ನೂ ಅವನೇ ಹೇಳಿಬಿಟ್ಟ.

ಆಗ ಕರೆ ಕಡಿಯಿತು. ಅಂಡರ್‌ಪಾಸಿನೊಳಗೆ ಹೋದರೋ, ನೆಟ್‌ವರ್ಕೇ ಹೋಯಿತೋ ತಿಳಿಯದು. ಚುಕ್ಕೆಗಳು ನಕ್ಷೆಯ ಮೇಲೆ ಇದ್ದಲ್ಲೇ ನಿಂತವು. ಮತ್ತೆ ಮತ್ತೆ ಕರೆ ಮಾಡಿದೆ, ಹೋಗಲಿಲ್ಲ. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಸತ್ತ ಫೋನಿಗೆ ದಾರಿ ಹೇಳುತ್ತಲೇ ಇದ್ದೆ. ಈಗ ಸೇತುವೆ ದಾಟಿರಬೇಕು, ಈಗ ಎಡಕ್ಕೆ, ಈಗ ಪೆಟ್ರೋಲ್ ಪಂಪು. ಆ ಹೊತ್ತಿನಲ್ಲಿ ನನಗೆ ಅವನ ಮೇಲೆ ಯಾವ ಕಿಚ್ಚೂ ಇರಲಿಲ್ಲ. ನನ್ನ ಆಯಸ್ಸನ್ನು ಬೇಕಾದರೂ ಅವನಿಗೇ ಕೊಡು, ಅವಳನ್ನು ಮನೆ ಮುಟ್ಟಿಸು ಎಂದು ದೇವರನ್ನು ಬೇಡಿದೆ.

ಲಿಫ್ಟಿನ ಸದ್ದಾಯಿತು. ಬಾಗಿಲು ತೆರೆದರೆ ಮಗಳು. ಚೀಲ ಅಲ್ಲೇ ಬಿಸಾಡಿ ನನ್ನನ್ನು ಅಪ್ಪಿಕೊಂಡಳು. ದೊಡ್ಡವಳಾದ ಮೇಲೆ ಅವಳು ಹಾಗೆ ಮಾಡಿರಲೇ ಇಲ್ಲ.

"ನಿಮ್ಮ ವಾಯ್ಸ್ ಕಟ್ ಆಯ್ತಲ್ಲ ಡ್ಯಾಡಿ, ಆಗ ನಂಗೆ ನಿಜವಾಗ್ಲೂ ಹೆದ್ರಿಕೆ ಆಯ್ತು," ಎಂದಳು ನನ್ನ ಅಂಗಿಯೊಳಗೆ ಮುಖವಿಟ್ಟು. "ಅಂಕಲ್ ಪಕ್ಕದಲ್ಲೇ ಇದ್ರು. ಆದ್ರೂ."

ಅವಳ ತಲೆಯ ಮೇಲಿಂದ ನನಗೆ ಅವನು ಕಂಡ. ಲಿಫ್ಟಿನ ಮುಂದೆ, ಲುಂಗಿಯಲ್ಲಿ, ಕೀಯನ್ನು ಬೆರಳಲ್ಲಿ ತಿರುಗಿಸುತ್ತಾ ನಿಂತಿದ್ದ. ಏನಾದರೊಂದು ತಮಾಷೆ ಮಾಡುತ್ತಾನೆಂದು ಕಾದೆ. ಮಾಡಲಿಲ್ಲ. ನಮ್ಮಿಬ್ಬರನ್ನು ನೋಡುತ್ತಿದ್ದ. ಆ ನೋಟ ಎಂಥದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಒಳಗೆ ಬನ್ನಿ ಎನ್ನಬೇಕಿತ್ತು. ನೀರಾದರೂ ಕುಡಿದು ಹೋಗಿ ಎನ್ನಬೇಕಿತ್ತು. ಎಂದೆ ಕೂಡ, ಆಮೇಲೆ. ಮೊದಲು ಮಗಳನ್ನು ಇನ್ನೂ ಸ್ವಲ್ಪ ಹೊತ್ತು, ಅವನಿಗೆ ಚೆನ್ನಾಗಿ ಕಾಣುವಂತೆ, ಹಿಡಿದುಕೊಂಡೇ ನಿಂತೆ.