ಹೊರಗೆ ಕೂತ ಅಣ್ಣ

ಜಹೀರಾಬಾದಿನ ನಮ್ಮ ಮನೆಯಲ್ಲಿ ಅಣ್ಣನಿಗೆ ಸ್ಕಿಜೋಫ್ರೇನಿಯಾ ಇದ್ದದ್ದನ್ನು ಮುಚ್ಚಿಟ್ಟಿದ್ದೆವು. ಅವನು ಯಾರೂ ಇಲ್ಲದ ಕಡೆ ತಿರುಗಿ ಮಾತಾಡುತ್ತಿದ್ದ. ನಾನು ಬಂದರೆ ಮಾತ್ರ ಅದನ್ನು ಅರ್ಧಕ್ಕೇ ಬಿಟ್ಟು, "ಊಟ ಆತೇನು ತಮ್ಮಾ?" ಅನ್ನುತ್ತಿದ್ದ.

ತಾಂಡೂರಿನವರು ನನ್ನ ಮಗಳನ್ನು ನೋಡಲು ಬಂದ ದಿನ ಅವನು ಸೀದಾ ಒಳಗೆ ಬಂದು ನಿಂತ.

"ಇವ್ರು ಯಾರ್ರೀ?" ಎಂದರು.

ಸಂಬಂಧ ತಪ್ಪೀತೆಂದು ಹೆದರಿ, "ನಮ್ಮ ಹೊಲದಾಗ ದುಡಿಯಾಂವ ರೀ" ಅಂದುಬಿಟ್ಟೆ.

ಅಣ್ಣ ಅವರ ಚಹಾದ ಕಪ್ಪುಗಳನ್ನು ಎತ್ತಿಕೊಂಡು ಹೋದ.

ಅವರು ಹೋದ ಮೇಲೆ ಊಟಕ್ಕೆ ಕರೆದರೆ ಒಳಗೆ ಬರಲಿಲ್ಲ. ಬಾಗಿಲ ಹೊರಗಿನ ಕಲ್ಲಿನ ಮೇಲೆ ಕೂತು, ಗಂಗಾಳ ಚಾಚಿ, "ನಿಮ್ದು ಊಟ ಆತೇನ್ರಿ ಸಾವ್ಕಾರ್ರ?" ಅಂದ.

ನಾನು ಹೊಸ್ತಿಲಿಗೆ ಬಂದು, "ಅಣ್ಣಾ, ಒಳಗ ಬಾ" ಅಂದೆ.

ನಾನು ಯಾರನ್ನು ಕರೆದೆನೋ ಎಂದು ಅವನು ಹಿಂದೆ ತಿರುಗಿ ನೋಡಿದ.