ತಿಪ್ಪನ ಹೊಸ ಅಂಗಿ

೧೯೪೬ನೇ ಇಸವಿ ಜನವರಿ ೨೦, ಭಾನುವಾರ. ಹೊಳೆನರಸೀಪುರ. ಬೆಳಿಗ್ಗೆ ಹತ್ತೂಕಾಲಿಗೆ ಬರೆಯಲು ಕೂತೆ.

ಬಾಣಂತನಕ್ಕೆ ಬಂದಿರುವ ಅಕ್ಕನ ಕೂಸಿಗೆ ಜೋಲಿ ಕಟ್ಟಬೇಕಾಗಿತ್ತು. ರೇಷನ್ನಿನ ಬಟ್ಟೆಯಲ್ಲಿ ಅಷ್ಟು ಉದ್ದ ಎಲ್ಲಿಂದ ಬರಬೇಕು? ಅಮ್ಮ ಟ್ರಂಕಿನ ತಳದಿಂದ ಅಜ್ಜಿಯ ಹಸಿರು ಸೀರೆಯನ್ನು ಎಳೆದು ಕೊಡವಿದಳು. ಒಣಗಿದ ಬೇವಿನೆಲೆ ಪುಡಿಪುಡಿಯಾಗಿ ಉದುರಿತು. ಸೀರೆಯ ಒಂದು ಕಡೆ ಅಂಗೈಯಗಲದ ಚೌಕ ಕಿಂಡಿ. ಇಲಿ ಕಡಿದದ್ದಲ್ಲ, ಕತ್ತರಿ ಹಿಡಿದು ತೆಗೆದದ್ದು.

ಆ ತುಂಡು ಎಲ್ಲಿಗೆ ಹೋಯಿತೆಂದು ನನಗೆ ಗೊತ್ತು.

ನನ್ನ ಸ್ವಭಾವ ನಿಮಗೆ ತಿಳಿಯದು, ಹೇಳಿಬಿಡುತ್ತೇನೆ. ಯಾವ ದಿನ ಯಾವ ಹುಳಿ ಮಾಡಿದರು, ಹೊಳೆಯಲ್ಲಿ ಎಷ್ಟನೇ ಮೆಟ್ಟಿಲವರೆಗೆ ನೀರಿತ್ತು, ಎಲ್ಲವನ್ನೂ ಬರೆದಿಡುವವನು ನಾನು. 'ಇವನು ಸೀನಿದ್ದಕ್ಕೂ ಲೆಕ್ಕವಿದೆ' ಎಂದು ಅಕ್ಕ ಆಡಿಕೊಳ್ಳುತ್ತಾಳೆ. ಆದರೆ ಆ ತುಂಡು ಹೋದಾಗ ನಾನಿನ್ನೂ ಶಾಲೆಗೆ ಸೇರದ ಹುಡುಗ, ಅಕ್ಷರವೇ ಬಾರದು. ಹಾಗಾಗಿ ಬದುಕಿನಲ್ಲಿ ನಿಜವಾಗಿ ಬರೆದಿಡಬೇಕಾಗಿದ್ದ ದಿನಗಳಿಗೇ ನನ್ನಲ್ಲಿ ತಾರೀಖಿಲ್ಲ.

ನಮ್ಮ ಬೀದಿಯಲ್ಲಿ ಸೀತಮ್ಮ ಎಂಬುವರು ಇನ್ನೂ ಶಾಲೆಯ ವಯಸ್ಸಾಗದ ಮಕ್ಕಳನ್ನು ತಮ್ಮ ಜಗಲಿಯ ಮೇಲೆ ಕೂಡಿಸಿಕೊಳ್ಳುತ್ತಿದ್ದರು. ನಮಗೆಲ್ಲ ಅವರು ಸೀತತ್ತೆ. ಪಾಠ ಕಡಿಮೆ, ಆಟ ಹೆಚ್ಚು. ಶನಿವಾರ ಒಬ್ಬೊಬ್ಬರೂ ಮನೆಯ ತಿಂಡಿ ತಂದು ಎಲ್ಲರಿಗೂ ಹಂಚಬೇಕು; ಆ ತಿಂಡಿ ಯಾವ ಹಬ್ಬಕ್ಕೆ, ಯಾಕೆ ಮಾಡುತ್ತಾರೆಂದು ಮನೆಯಲ್ಲಿ ಕೇಳಿಕೊಂಡು ಬಂದು ಹೇಳಬೇಕು. ನಮ್ಮ ಅಜ್ಜಿ ಮೊದಲು ಮುಖ ಸಿಂಡರಿಸಿದಳು. ಆಮೇಲೆ, "ಹುರಿದದ್ದಕ್ಕೂ ಕರಿದದ್ದಕ್ಕೂ ಮೈಲಿಗೆಯಿಲ್ಲ, ಹೋಗು" ಎಂದು ತಾನೇ ಶಾಸ್ತ್ರ ಮಾಡಿಕೊಟ್ಟಳು. ರಾಗಿ ಹುರಿಹಿಟ್ಟನ್ನು ನಾನು ಮೊದಲು ತಿಂದದ್ದು ಅಲ್ಲೇ. ಅದು ಅಂಗುಳಕ್ಕೆ ಅಂಟಿಕೊಂಡು, ಮಾತು ನಿಂತು, ಕಣ್ಣಲ್ಲಿ ನೀರು ಬಂತು.

"ಬಾಯಿ ಮುಚ್ಕಂಡು ನೆನೆಸ್ಕೊಳ್ಳಲಾ, ಪೆದ್ದ!" ಎಂದು ನಕ್ಕವನು ತಿಪ್ಪ.

ತಿಪ್ಪ ನುಗ್ಗೇಹಳ್ಳಿ ಕಡೆಯಿಂದ ಬಂದ ಕೊಬ್ಬರಿ ವ್ಯಾಪಾರಿಯ ಮಗ. ಅವನಿಗಿಂತ ಮೊದಲು ಹುಟ್ಟಿದ ಮೂವರೂ ಉಳಿದಿರಲಿಲ್ಲ. ಅದಕ್ಕೇ ಇವನನ್ನು ಹುಟ್ಟಿದೊಡನೆ ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು, ಆ ಹೆಸರನ್ನೇ ಇಟ್ಟು, ಬಲಮೂಗು ಚುಚ್ಚಿಸಿದ್ದರು. ಐದು ತುಂಬುವವರೆಗೆ ಅವನಿಗೆ ಹೊಸ ಬಟ್ಟೆ ಕೂಡದು. ಮಕ್ಕಳು ಉಳಿದ ಮನೆಗಳಲ್ಲಿ ಬೇಡಿ ತಂದ ತುಂಡುಗಳನ್ನು ಸೇರಿಸಿ ಹೊಲಿದದ್ದೇ ಅವನ ಅಂಗಿ. ಸೋಮವಾರದ ಊಟವೂ ಬೇಡಿದ್ದೇ. ಆದ್ದರಿಂದ ಊರಿನ ಅಡಿಗೆಗಳ ವಿಷಯದಲ್ಲಿ ಅವನ ಮಾತೇ ಕಡೆಯದು. "ನಿಮ್ಮನೆ ಉಪ್ಪಿನಕಾಯಿಗೆ ಉಪ್ಪು ಜಾಸ್ತಿ ಕಣ್ಲಾ, ನಿಮ್ಮಜ್ಜಿಗೇಳು" ಎಂದು ನನಗೂ ಅಪ್ಪಣೆಯಾಗಿತ್ತು.

ಅವನ ತಾಯಿ ಗೌರಮ್ಮ ನಮ್ಮ ಬಾಗಿಲಿಗೆ ಬಂದದ್ದು ನೆನಪಿದೆ. ಸೆರಗೊಡ್ಡಿ ನಿಂತು, "ಅಂಗಿ ಬೆನ್ನು ಅರದೋಗದೆ ಕಣ್ರಮ್ಮಾ. ನಿಮ್ಮನೇಲಿ ಮಕ್ಕಳು ಉಳ್ಕಂಡವೆ, ಒಂದು ಚೂರು ಕೊಡಿ" ಎಂದಳು. ಅಜ್ಜಿ ಹಳೆಯ ಚಿಂದಿ ಹುಡುಕಲಿಲ್ಲ. ನಮ್ಮನ್ನೆಲ್ಲ ಜೋಲಿಯಲ್ಲಿ ತೂಗಿದ ಈ ಹಸಿರು ಸೀರೆಯನ್ನೇ ತಂದು ಕತ್ತರಿಸಿದಳು. "ಇದರಲ್ಲಿ ಮಲಗಿದ ಕೂಸೆಲ್ಲ ಎದ್ದು ಓಡಾಡ್ತಿವೆ, ತಗೊಳ್ಳೇ ತಾಯಿ."

ಆ ಮಾರ್ಗಶಿರದಲ್ಲಿ ಸೀತತ್ತೆ ನಮಗೆಲ್ಲ ವೇಷ ಕಟ್ಟಿಸಿದರು. ಯಾರು ಏನಾಗಬೇಕೋ ತಾವೇ ಹೇಳಿ, ತಾವೇ ಮಾಡಿಕೊಳ್ಳಬೇಕು. ಮೂರು ಜನ ಕೃಷ್ಣರಾದರು, ಒಂದೇ ನವಿಲುಗರಿಗೆ ಕಿತ್ತಾಡಿದರು. ನಾನು ಅಂಚೆಯವನು. ತಿಪ್ಪನ ಸರದಿ ಬಂದಾಗ ಅವನು ಬಹಳ ಹೊತ್ತು ಯೋಚಿಸಿ ಹೇಳಿದ: "ನಾನು ವಸಾ ಅಂಗಿ ಆಕ್ಕಂಡೋನು ಆಯ್ತೀನಿ."

ಸೀತತ್ತೆ ಗೌರಮ್ಮನನ್ನು ಕರೆಸಿದರು. ಗೌರಮ್ಮ ಕೈ ಮುಗಿದಳು. "ಸಂಕ್ರಾಂತಿ ಕಳದು ಎಂಟು ದಿನಕ್ಕೆ ಐದು ತುಂಬ್ತದೆ ಸೀತಮ್ಮಾರೇ. ಅವತ್ತು ನನ್ನ ಕೈಯಾರೆ ಇದನ್ನ ಬಿಚ್ಚಿ ವಸಾದು ತೊಡಿಸ್ತೀನಿ ಅಂತ ಅರಕೆ ಹೊತ್ತಿವ್ನಿ. ಅಲ್ಲೀಗಂಟ ಬ್ಯಾಡಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಕಾಗದದ್ದು ಮಾಡಿದರೆ?" ಎಂದರು ಸೀತತ್ತೆ. "ಕಾಗದ ಬಟ್ಟೆಯಲ್ಲವಲ್ಲ."

ಗೌರಮ್ಮ ಕಂಬಕ್ಕೊರಗಿ ಯೋಚಿಸಿದಳು. ಆಮೇಲೆ ತಾನೇ ಕೂತು ಬಿಳಿ ಹಾಳೆಗೆ ಗೋಂದು ಹಚ್ಚಿದಳು. ಹುಣಿಸೆಬೀಜವನ್ನು ಗುಂಡಿಯೆಂದು ಅಂಟಿಸಿದಳು. ತೇಪೆಯ ಅಂಗಿಯ ಮೇಲೆ ಕಾಗದದ ಅಂಗಿ ತೊಟ್ಟು ತಿಪ್ಪ ಆ ಮಧ್ಯಾಹ್ನವೆಲ್ಲ ಕೈ ಅಗಲಿಸಿಕೊಂಡೇ ನಡೆದ. ಹರಿದೀತೆಂದು ಕೂರಲೂ ಇಲ್ಲ. ಗೌರಮ್ಮ ಜಗಲಿಯ ಕೆಳಗೆ ನಿಂತು ನೋಡಿದಳು, ನೋಡುತ್ತಲೇ ಇದ್ದಳು.

ಸಂಕ್ರಾಂತಿಯ ದಿನ ಎಳ್ಳು ಬೀರಲು ಹೊರಟ ನಮ್ಮನ್ನು ಅಜ್ಜಿ ತಡೆದಳು. "ಆ ಮನೆಗೆ ಬೇಡ." ಹಬ್ಬಕ್ಕೆ ನಾಲ್ಕು ದಿನ ಮುಂಚೆ ಗೌರಮ್ಮ ಜ್ವರದಿಂದ ಹೋಗಿಬಿಟ್ಟಿದ್ದಳು.

ಮೃತ್ಯುವಿನ ಕಣ್ಣಿಗೆ ಮಗ ಬೀಳದಂತೆ ಇಷ್ಟೆಲ್ಲ ಮಾಡಿದವಳಿಗೆ ತನ್ನನ್ನು ಮರೆಸಿಕೊಳ್ಳುವುದು ನೆನಪಾಗಲಿಲ್ಲ.

ಸಂಕ್ರಾಂತಿ ಕಳೆದು ಎಂಟನೆಯ ದಿನ ಬಂತು. ಅವನಪ್ಪ ಹೊಸ ಅಂಗಿ ತಂದ. ತಿಪ್ಪ ತೊಡಲಿಲ್ಲ. ಅಜ್ಜಿ, ಸೀತತ್ತೆ ಇಬ್ಬರೂ ಹೋಗಿ ರಮಿಸಿದರು. ಅವನು ಎದೆಯ ಮೇಲೆ ಎರಡೂ ಕೈ ಕಟ್ಟಿಕೊಂಡು ಒಂದೇ ಮಾತು ಹೇಳಿದನಂತೆ: "ಅವ್ವ ಬಿಚ್ತಾಳೆ."

ಯುಗಾದಿಗೆ ಮುಂಚೆ ತಂದೆ ಅಂಗಡಿ ಮುಚ್ಚಿ, ಗಾಡಿ ಹೇರಿಕೊಂಡು, ಚನ್ನರಾಯಪಟ್ಟಣದ ದಾರಿ ಹಿಡಿದ. ತಿಪ್ಪ ಮೂಟೆಗಳ ಮೇಲೆ ನಮಗೆ ಬೆನ್ನು ಮಾಡಿ ಕೂತಿದ್ದ. ತೋಳು ಬಿಗಿಯಾಗಿದ್ದ ಆ ಅಂಗಿಯ ಬೆನ್ನಿನಲ್ಲಿ ನಮ್ಮ ಹಸಿರು ಚೌಕ ತಿರುವಿನವರೆಗೂ ಕಾಣುತ್ತಿತ್ತು.

ಅಜ್ಜಿ ಈಗಿಲ್ಲ, ಸೀತತ್ತೆಯೂ ಇಲ್ಲ. ಇವತ್ತು ಅಮ್ಮ, "ಸೂಜಿ ಕೊಡೋ, ಇದಕ್ಕೊಂದು ತೇಪೆ ಹಾಕ್ತೀನಿ" ಎಂದಾಗ, ಬೇಡವೆಂದೆ. ಹಾಗೆಯೇ ತೊಲೆಗೆ ಕಟ್ಟಿದಳು. ಕೂಸು ಮಲಗಿದೆ. ಆ ಕಿಂಡಿಯಿಂದ ಅದರ ಕಾಲ್ಬೆರಳು ಹೊರಗೆ ಬಂದಿದೆ.

ಬಲಮೂಗಿನಲ್ಲಿ ಚುಚ್ಚಿದ ಗುರುತಿರುವ, ನನ್ನ ಹಾಗೇ ಇಪ್ಪತ್ತರ ಆಸುಪಾಸಿನ, ತಿಪ್ಪನೆಂಬವನನ್ನು ನುಗ್ಗೇಹಳ್ಳಿ, ಬಾಗೂರುಗಳ ಕಡೆ ಯಾರಾದರೂ ಬಲ್ಲಿರಾದರೆ ದಯವಿಟ್ಟು ಒಂದು ಕಾರ್ಡು ಬರೆಯಿರಿ. ಅವನು ಹೇಗಿದ್ದಾನೆಂದು ತಿಳಿಸಿದರೆ ಸಂತೋಷ. ಅದಕ್ಕಿಂತ ಹೆಚ್ಚಾಗಿ ನನಗೆ ತಿಳಿಯಬೇಕಾದದ್ದು ಇಷ್ಟೇ: ಆ ಅಂಗಿಯನ್ನು ಕೊನೆಗೆ ಬಿಚ್ಚಿದವರು ಯಾರು?