ಬೋಟ್ ಮಿಸ್ತ್ರಿ ಹುಡುಕಿಕೊಟ್ಟದ್ದು

ಮಿಸ್ತ್ರಿಯವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವ ಕಾಲದಲ್ಲೋ ಪಂಪ್‌ಸೆಟ್ಟಿನ ಬೆಲ್ಟಿಗೆ ಸಿಕ್ಕು ಹೋದದ್ದು ಮತ್ತೆ ಬೆಳೆಯಲೇ ಇಲ್ಲವಂತೆ. ಉಳಿದ ಬೆರಳುಗಳೆಲ್ಲ ಎಣ್ಣೆ ಕುಡಿದು ಇದ್ದಿಲಿನಂತಿದ್ದರೆ ಇದೊಂದರ ತುದಿ ಮಾತ್ರ ಕೆಂಪಗೆ, ಮೆತ್ತಗೆ, ಎಳೆಗೂಸಿನ ಅಂಗಾಲಿನಂತಿತ್ತು. ಕಬ್ಬಿಣದ ಶಾಫ್ಟಿನ ಮೇಲೆ ಎಳೆಯಷ್ಟು ಗೀರು ಬಿದ್ದಿದ್ದರೂ ಕಣ್ಣು ಮುಚ್ಚಿ ಆ ಬೆರಳಾಡಿಸಿ ಹೇಳುತ್ತಿದ್ದರು. "ಉಗುರಿದ್ದ ಬೆರಳಿಗೆ ಸೊಕ್ಕು ಭಾಳ ಇರ್ತೈತ್ರಿ ಕಂಡಕ್ಟ್ರ, ಅದಕ್ಕೇನೂ ತಿಳಿಯಂಗಿಲ್ಲ" ಎನ್ನುವುದು ಅವರ ವಾದ.

ನಾನು ಬಸ್ ಕಂಡಕ್ಟರ್. ಭಾಗ್ಯನಗರದಲ್ಲಿ ಅವರ ತಗಡಿನ ಶೆಡ್ಡಿಗೆ ಅಂಟಿಕೊಂಡ ಖೋಲಿಯಲ್ಲಿ ನಾಲ್ಕೈದು ವರ್ಷ ಬಾಡಿಗೆಗಿದ್ದೆ. ದಿನವಿಡೀ ಇಂಜಿನ್ನಿನ ಗದ್ದಲ ಕೇಳಿ ಬಂದು ಮಲಗಿದರೆ ಗೋಡೆಯಾಚೆಯೂ ಇಂಜಿನ್ನೇ. ಮೊದಮೊದಲು ಜಗಳ ತೆಗೆಯೋಣ ಅನ್ನಿಸುತ್ತಿತ್ತು. ಆದರೆ ಜಗಳಕ್ಕೆ ಅವರು ಸಿಗುವ ಆಸಾಮಿಯಲ್ಲ. ನಾವು ಬೈದದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿ, ಕೊನೆಗೆ "ಚಾ ಕುಡಿತೀರೇನು?" ಎಂದುಬಿಡುತ್ತಿದ್ದರು. ಹೀಗೆ ಬೈಯಲು ಹೋದವನು ದಿನಾ ಚಾ ಕುಡಿಯಲು ಹೋಗುವವನಾದೆ.

ಅವರದು ಬಹುಪಾಲು ಪಂಪ್‌ಸೆಟ್ಟಿನ ಕೆಲಸ. ಆದರೆ ಡ್ಯಾಮಿನ ಹಿನ್ನೀರಿನಲ್ಲಿ ಮೀನು ಹಿಡಿಸುವ ಗುತ್ತಿಗೆದಾರರ ಬೋಟುಗಳಿಗೂ ಅವರೇ ಡಾಕ್ಟರು. ಬೋಟಿನ ಹಿಂಬದಿಗೆ ತೂಗುಹಾಕುವ ಮೋಟಾರಿನ ಕೆಳತುದಿಯಲ್ಲಿ, ಸದಾ ನೀರೊಳಗೆ ಮುಳುಗಿರುವ ಒಂದು ಗೇರ್‌ಬಾಕ್ಸಿರುತ್ತದೆ. ಅದರ ಬೆನ್ನಿಗೆ ನೀರು ತಳ್ಳುವ ಫ್ಯಾನು, ಫ್ಯಾನಿನ ಶಾಫ್ಟಿನ ಸುತ್ತ ಎಣ್ಣೆ ತಡೆಯಲು ಸೀಲೆಂಬ ರಬ್ಬರಿನ ಬಳೆ. ಒಳಗಿನ ಎಣ್ಣೆ ಹೊರಗೆ ಸೋರತೊಡಗಿತೆಂದರೆ ಹೊರಗಿನ ನೀರು ಒಳಗೆ ನುಗ್ಗಿದೆ ಎಂದೇ ಅರ್ಥ. ಎಣ್ಣೆಗೆ ನೀರು ಕಲೆತು ಬೆಳ್ಳಗಾದದ್ದನ್ನು ಅವರು ಮಜ್ಜಿಗಿ ಎನ್ನುತ್ತಿದ್ದರು. "ಮಜ್ಜಿಗಿ ಆಗೈತಿ" ಎಂದರೆ ಬೋಟಿನವನ ಮುಖ ಸಣ್ಣದಾಗುತ್ತಿತ್ತು.

ಬೋಟಿನವರು ಬಂದವರೇ "ಸೀಲು ಬದಲಿ ಮಾಡಿಕೊಡ್ರಿ, ಹೋಗ್ತೀವಿ" ಎಂದು ಅವಸರ ಮಾಡುವರು. ಇವರು ಮಾಡುತ್ತಿರಲಿಲ್ಲ. ಎಣ್ಣೆ ಬಸಿಯುವ ತೂತಿಗೆ ಸೈಕಲ್ ಪಂಪಿನ ಕೊಳವೆ ಸಿಕ್ಕಿಸಿ, ಗಾಳಿ ತುಂಬಿ, ಇಡೀ ಗೇರ್‌ಬಾಕ್ಸನ್ನು ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ, ಎಲ್ಲಿಂದ ಗುಳ್ಳೆ ಏಳುತ್ತದೆಂದು ಕುಕ್ಕರಗಾಲಿನಲ್ಲಿ ಕೂತು ನೋಡುವರು. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿದರೆ ಕೈ ಎತ್ತಿ ಸುಮ್ಮನಾಗಿಸುವರು. "ಎಲ್ಲಿ ಸೋರಾಕತ್ತೈತಿ ಅನ್ನೂದು ಮೊದ್ಲ ಗೊತ್ತಾಗ್ಲಿ, ಪಾನಾ, ಸ್ಕ್ರೂಡ್ರೈವರ್ ಆಮ್ಯಾಲ ಮುಟ್ಟೂಣು." ಈ ಮಾತನ್ನು ನಾನು ನೂರು ಸಲವಾದರೂ ಕೇಳಿ ಬೇಸತ್ತಿದ್ದೇನೆ.

ಒಂದು ಮಳೆಗಾಲದಲ್ಲಿ ನನ್ನ ಮಾವ, ಅಂದರೆ ಅಕ್ಕನ ಗಂಡ, ಕಾಣೆಯಾದ. ಹಿನ್ನೀರಿನ ದಂಡೆಯ ಹಳ್ಳಿಯಲ್ಲಿ ಅವರ ಮನೆ. ಮಾವ ಹರಗೋಲಿನಲ್ಲಿ ಹೋಗಿ ಬಲೆ ಬಿಡುವುದು, ಹರಿದ ಬಲೆಯನ್ನು ಅಕ್ಕ ಹೊಲಿಯುವುದು, ಹೀಗೆ ಸಂಸಾರ ನಡೆದಿತ್ತು. ಅಂದು ಬೆಳಗಾಗುತ್ತಲೇ ಹೋದವನ ಹರಗೋಲು ಮಾತ್ರ ಖಾಲಿಯಾಗಿ ದಂಡೆಗೆ ಬಂದು ನಿಂತಿತು. ಪೊಲೀಸರು ಕರೆಸಿದ ಈಜುಗಾರರು ಮುಳುಗಿ ನೋಡಿ, ಕೆಸರು ನೀರಿನಲ್ಲಿ ತಮ್ಮ ಕೈಯೇ ತಮಗೆ ಕಾಣದೆ ಎದ್ದು ಬಂದರು. ಬಲೆಯೂ ಇಲ್ಲ, ಹೆಣವೂ ಇಲ್ಲ. ಮುಳುಗಿದವರು ಎರಡು ದಿನಕ್ಕೆ ಮೇಲೆ ಬಂದೇ ಬರುತ್ತಾರೆಂದು ಎಲ್ಲರೂ ಬಲ್ಲರು. ಮೂರನೆಯ ದಿನವೂ ಮಾವ ತೇಲಲಿಲ್ಲ. ಹೊಸಪೇಟೆ ಕಡೆ ಯಾರನ್ನೋ ಇಟ್ಟುಕೊಂಡಿದ್ದ, ಬಲೆ ಮಾರಿಕೊಂಡು ಓಡಿಹೋಗಿದ್ದಾನೆ ಎಂದು ಊರಲ್ಲಿ ಪಿಸುಮಾತು ಹುಟ್ಟಿತು. ಬೇರೆ ಹೆಂಗಸಾಗಿದ್ದರೆ ಆ ಮಾತಿಗೆ ಎದೆ ಬಡಿದುಕೊಳ್ಳುತ್ತಿದ್ದಳು. ಅಕ್ಕ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. "ಓಡಿ ಹೋಗ್ಯಾನ ತಮ್ಮಾ, ಬರ್ತಾನ" ಎಂದಳು. ಕುಂಕುಮ ತಿದ್ದಿಕೊಂಡು ದಂಡೆಯಲ್ಲಿ ಕೂತಿದ್ದಳು.

ಹಿನ್ನೀರಿಗೆ ಬಿದ್ದವರ ಹೆಣ ಹುಡುಕಿ ಮನೆಗೆ ಮುಟ್ಟಿಸಲು ಜನ ಮಿಸ್ತ್ರಿಯವರನ್ನೇ ಕರೆಯುತ್ತಿದ್ದರು. ನಾನೂ ಹೋಗಿ ಅವರ ಮುಂದೆ ನಿಂತೆ. ಅವರು ಒಂದೂ ಪ್ರಶ್ನೆ ಕೇಳದೆ, ರಿಪೇರಿ ಮುಗಿಸಿಟ್ಟಿದ್ದ ಒಂದು ಬೋಟು ಮೋಟಾರನ್ನು ಅದರ ಮಾಲೀಕನಿಗೆ ಫೋನಿನಲ್ಲಿ ಹೇಳಿ ಗೂಡ್ಸ್ ಗಾಡಿಗೆ ಹಾಕಿಸಿದರು. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿಕೊಂಡು, ನಾವು ಆ ಮಾಲೀಕನ ಬೋಟಿನಲ್ಲಿ ಹಿನ್ನೀರನ್ನು ಉದ್ದಕ್ಕೂ ಅಡ್ಡಕ್ಕೂ ಗೀರಿದೆವು. ಮುಳುಗಿದ ಹಳೆಯ ಊರಿನ ಬೋಳು ಮರಗಳು ಅಲ್ಲಲ್ಲಿ ನೀರಿನಿಂದ ತಲೆ ಎತ್ತಿದ್ದವು. ಗರಡಿಗೆ ಸಿಕ್ಕಿದ್ದು ಬರೀ ಜಾಲಿಯ ಕೊಂಬೆ. ಮಧ್ಯಾಹ್ನದ ಹೊತ್ತಿಗೆ ಅಂಥ ಒಂದು ಬೋಳು ಮರದ ಬಳಿ ಮೋಟಾರು ಒಮ್ಮೆ ತಡೆದಂತಾಗಿ ಮತ್ತೆ ಓಡತೊಡಗಿತು. ಸ್ವಲ್ಪ ದೂರ ಹೋದ ಮೇಲೆ ಮಿಸ್ತ್ರಿ ಹಿಂದಕ್ಕೆ ಬಾಗಿ ನೀರು ನೋಡಿದರು. ನಮ್ಮ ಹಿಂದೆ ಎಣ್ಣೆಯ ಬಣ್ಣಬಣ್ಣದ ಪೊರೆ ಬಿಚ್ಚಿಕೊಳ್ಳುತ್ತಿತ್ತು. ಬೋಟನ್ನು ದಂಡೆಗೆ ತಿರುಗಿಸಿದರು.

ದಂಡೆಯಲ್ಲಿ ಅವರು ಮೋಟಾರು ಇಳಿಸಿ ಕೂತದ್ದೇ ತಡ, ಮಾವನ ಅಣ್ಣನ ಸಿಟ್ಟು ನೆತ್ತಿಗೇರಿತು.

"ಮನಷಾ ನೀರಾಗ ಕೊಳ್ಯಾಕತ್ತಾನ, ನೀ ಇಲ್ಲಿ ಇಂಜಿನ್ ತೊಳಕೋತ ಕುಂದರ್ತಿಯೇನು? ಇನ್ನೊಂದು ತಾಸು ಓಡಿದ್ರ ಸಾಯ್ತೈತೇನದು?"

"ಸಾಯ್ತೈತ್ರಿ. ನಡು ನೀರಾಗ ಗೇರ್ ಹಿಡಕೊಂಡ್ರ ನಮ್ಮನ್ನ ಹುಡುಕಾಕ ಇನ್ನೊಂದು ಬೋಟ್ ತರಬೇಕಾಕ್ಕೈತಿ. ಒಂದು ಹಂಡೇದಾಗ ನೀರು ತುಂಬಿಸಿ ಕೊಡ್ರಿ."

ಕರೆತಂದವನು ನಾನು. ಎಲ್ಲರೂ ನನ್ನ ಮುಖ ನೋಡಿದರು. ಒಳಗೊಳಗೆ ಕುದಿಯುತ್ತಲೇ ಅಕ್ಕನ ಬಚ್ಚಲಿನ ಹಂಡೆ ಹೊತ್ತು ತಂದೆ. ಎಣ್ಣೆ ಬಸಿದರೆ ಮಜ್ಜಿಗೆ. ಪಂಪು ಹೊಡೆದು ಮುಳುಗಿಸಿದರೆ ಫ್ಯಾನಿನ ಬೆನ್ನಿನಿಂದ ಸಾಲುಸಾಲು ಗುಳ್ಳೆ. ಮಿಸ್ತ್ರಿ ಫ್ಯಾನು ಬಿಚ್ಚಿದರು. ಶಾಫ್ಟಿನ ಸುತ್ತ ನೈಲಾನ್ ನೂಲು ಬಿಗಿಯಾಗಿ ಸುತ್ತಿಕೊಂಡು ಕರಗಿದಂತಾಗಿ, ಸೀಲನ್ನು ಚಾಕುವಿನಂತೆ ಕೊಯ್ದಿತ್ತು. ಹಿನ್ನೀರಿನಲ್ಲಿ ಇದೇನು ಹೊಸತಲ್ಲ, ಬಲೆ ಹಾಯ್ದರೆ ಆಗುವುದೇ ಹೀಗೆ. ಕತ್ತರಿಸಿ ಎಸೆದಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಅವರು ಒಂದೊಂದೇ ಸುತ್ತು ಬಿಚ್ಚಿ ತೊಡೆಯ ಮೇಲೆ ಹಾಸಿಕೊಂಡರು. ಬಿಳಿಯ ನೂಲಿನ ನಡುನಡುವೆ ನೀಲಿ ದಾರದ ತೇಪೆಯಿತ್ತು. ಅದರ ಗಂಟುಗಳ ಮೇಲೆ ಆ ಉಗುರಿಲ್ಲದ ಹೆಬ್ಬೆರಳು ಓಡಾಡಿತು.

"ಬಲ್ಯಾಗ ಸಿಕ್ಕಂವ ತೇಲಂಗಿಲ್ಲ ಕಂಡಕ್ಟ್ರ. ಬಲಿ ಕೆಳಗ ಹಿಡದಿಟ್ಟಿರತೈತಿ" ಎಂದರು, ನನಗಷ್ಟೇ ಕೇಳುವಂತೆ. ಆಮೇಲೆ ನೆರೆದವರನ್ನು ಕೇಳಿದರು: "ಈ ಊರಾಗ ನೀಲಿ ದಾರ ಹಾಕಿ ಬಲಿ ಹೊಲಿಯೂರು ಯಾರ್ರಿ?"

ನೆರೆದವರು ನೀರಿನತ್ತ ಮುಖ ತಿರುಗಿಸಿದರು. ಎಲ್ಲರಿಗೂ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಅಕ್ಕ ತಾನಾಗಿಯೇ ಎದ್ದು ಬಂದಳು. ಮಿಸ್ತ್ರಿ ಕ್ಷಣ ಹೊತ್ತು ಅವಳ ಹಣೆ ನೋಡಿ, ನೂಲನ್ನು ಅವಳ ಅಂಗೈ ಮೇಲಿಟ್ಟರು. ಅವಳು ಅಲ್ಲ ಎನ್ನಬಹುದಿತ್ತು. ಅಂದಿದ್ದರೆ ನಾವೆಲ್ಲ ನಂಬುತ್ತಿದ್ದೆವು, ನಂಬಲು ತಯಾರಾಗಿಯೇ ನಿಂತಿದ್ದೆವು. ಅವಳು ಒಂದು ಗಂಟನ್ನು ಎಳೆದು ನೋಡಿದಳು, ಅದು ಬಿಚ್ಚಲಿಲ್ಲ.

"ಈ ಗಂಟು ನಂದ್ರಿ ಅಣ್ಣಾರ" ಎಂದಳು. "ಹೋದ ವಾರ ಹಾಕೀನಿ."

ನಾನು ಆ ಕೂಡಲೇ ಬೋಟಿನತ್ತ ಓಡಿದೆ. ಮಿಸ್ತ್ರಿ ಓಡಲಿಲ್ಲ. ತಂತಿಗೆ ಪೋಣಿಸಿ ತಂದಿದ್ದ ಸೀಲುಗಳಲ್ಲಿ ಅಳತೆಯದನ್ನು ಹುಡುಕಿದರು. ಶಾಫ್ಟಿನಲ್ಲಿ ಹಳೆಯ ಸೀಲು ಕೂತ ಜಾಗ ಸವೆದು ಗೀರಾಗಿತ್ತೆಂದು, ಹೊಸದನ್ನು ಪೂರ್ತಿ ಒಳಗೆ ತಳ್ಳದೆ ಒಂದಿಷ್ಟು ಈಚೆಗೆ, ನುಣುಪಾದ ಕಡೆ ಕೂರಿಸಿದರು. ಮತ್ತೆ ಪಂಪು ಹೊಡೆದು ಮತ್ತೆ ಮುಳುಗಿಸಿದರು. ಅಷ್ಟು ಜನ ಒಂದು ಹಂಡೆ ನೀರನ್ನು ನೋಡುತ್ತ ನಿಂತದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಗುಳ್ಳೆ ಏಳಲಿಲ್ಲ. ಎಣ್ಣೆ ತುಂಬಿ, ಬೋಟು ಏರಿ, ಮೋಟಾರು ತಡೆದಿದ್ದ ಬೋಳು ಮರದ ಹತ್ತಿರಕ್ಕೇ ಸೀದಾ ನಮ್ಮನ್ನು ಒಯ್ದರು. ಪಾತಾಳಗರಡಿ ಎರಡನೆಯ ಎಸೆತಕ್ಕೆ ಬಲೆ ಹಿಡಿಯಿತು. ಮಾವ ಅದರೊಳಗಿದ್ದ.

ದಂಡೆ ಮುಟ್ಟುವ ಮೊದಲು ಮಿಸ್ತ್ರಿ ತಮ್ಮ ಹೆಗಲ ಟವೆಲ್ಲನ್ನು ಅವನ ಮುಖಕ್ಕೆ ಸುತ್ತಿದರು. "ನಿಮ್ಮಕ್ಕಗ ಮಾರಿ ತೋರಿಸಬ್ಯಾಡ್ರಿ. ಕಾಲು ನೋಡ್ಲಿ, ಸಾಕು." ಅಕ್ಕ ಕಾಲನ್ನೇ ನೋಡಿದಳು. ಹೆಬ್ಬೆರಳುಗಳನ್ನು ಮುಟ್ಟಿ ನೋಡಿ, ಹೌದೆಂದಳು. ಹೊತ್ತು ಮುಳುಗುವ ಮುನ್ನ ಮಣ್ಣು ಮಾಡಿದೆವು.

ಆಮೇಲೆ ಎಷ್ಟೋ ದಿನ ಚಾ ಕುಡಿಯುವಾಗ ಅವರು ಆ ಮಾತೆತ್ತಿ ಒದ್ದಾಡುತ್ತಿದ್ದರು. "ಆ ದಾರ ಆ ಹೆಣ್ಮಗಳ ಕೈಯಾಗ ಇಡಬಾರದಿತ್ತು ನೋಡ್ರಿ." ನಾನು ಇದನ್ನು ಅಕ್ಕನಿಗೆ ಹೇಳಿದೆ. ಅವಳಾಗ ಬಲೆ ಹೊಲಿಯುವುದು ಬಿಟ್ಟು ಶಾಲೆಯ ಬಿಸಿಯೂಟದ ಅಡುಗೆಗೆ ಹೋಗುತ್ತಿದ್ದಳು. "ಇಡದಿದ್ರ ನಾ ಇನ್ನೂ ದಂಡ್ಯಾಗ ಕುಂತಿರತಿದ್ದೆ. ಅವರಿಗೆ ಹೇಳು" ಎಂದಳು. ಹೇಳಿದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಕರೋನಾದ ಎರಡನೆಯ ಅಲೆ ಅವರನ್ನು ಒಯ್ದಿತು. ಕೆಮ್ಮುತ್ತ ಆಸ್ಪತ್ರೆಗೆ ನಡೆದೇ ಹೋದವರು ತಿರುಗಿ ಬರಲಿಲ್ಲ. ಆಗಿನ ನಿಯಮದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಊರಾಚೆ ಜೆಸಿಬಿಯಿಂದ ತೋಡಿದ ಗುಂಡಿಗಳಲ್ಲಿ ಉಳಿದವರ ಜೊತೆ ಇಟ್ಟುಬಂದರು. ಕುಷ್ಟಗಿಯಿಂದ ಮಗಳು ಬರಲಾಗಲಿಲ್ಲ, ಹೆಂಡತಿಯನ್ನು ಹತ್ತಿರ ಬಿಡಲಿಲ್ಲ. ಎಷ್ಟು ಮಂದಿಯ ಹೆಣವನ್ನು ಎಷ್ಟು ಮನೆಗಳಿಗೆ ಮುಟ್ಟಿಸಿದ್ದ ಮನುಷ್ಯ! ಅವರ ಮನೆಗೆ ಒಂದು ಫೋನು ಬಂತು, ಅಷ್ಟೆ.

ಅವರ ಹೆಂಡತಿ ಅಳಲಿಲ್ಲ. ಬಳೆ ತೆಗೆಯಲೂ ಒಪ್ಪಲಿಲ್ಲ. "ನಾ ಏನ್ ನೋಡೀನಿ? ಯಾರದೋ ಇರಬೇಕದು. ಆಸ್ಪತ್ರ್ಯಾಗ ಹೆಸರು ಅದಲಿಬದಲಿ ಆಗಿರ್ತಾವು" ಎನ್ನುತ್ತ ದಿನಾ ಗಂಡನ ಪಾಲಿನ ರೊಟ್ಟಿ ಬಡಿದು ಮುಚ್ಚಿಡುತ್ತಿದ್ದರು. ಲಾಕ್‌ಡೌನ್ ಸಡಿಲಾದ ಮೇಲೆ ನಾನು ಇದನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಮರುದಿನವೇ ಅವಳು ಮೊದಲ ಬಸ್ಸಿಗೆ ಬಂದಿಳಿದು, "ನಡೀರಿ ವೈನಿ, ಅಣ್ಣಾರನ್ನ ನೋಡಿ ಬರೂಣು" ಎಂದು ಅವರ ಕೈ ಹಿಡಿದೇ ಹೊರಡಿಸಿದಳು. ಮಿಸ್ತ್ರಿ ಅಣ್ಣನಾದ ಮೇಲೆ ಅವರ ಹೆಂಡತಿ ಅವಳಿಗೆ ವೈನಿ, ಅಂದರೆ ಅತ್ತಿಗೆ.

ಬಯಲಿನಲ್ಲಿ ಸಾಲಾಗಿ ಮಣ್ಣಿನ ದಿಬ್ಬಗಳಿದ್ದವು, ಎಲ್ಲವೂ ಒಂದೇ ತರಹ. ಚುಚ್ಚಿದ್ದ ತಗಡಿನ ನಂಬರುಗಳು ಮಳೆಗೆ ಬಿದ್ದುಹೋಗಿದ್ದವು. ವೈನಿಯನ್ನು ಬೇವಿನ ನೆರಳಿನಲ್ಲಿ ಕೂರಿಸಿ, ನಾನೂ ಅಕ್ಕನೂ ಗುಂಡಿ ತೋಡಿದ್ದ ಜೆಸಿಬಿಯವನನ್ನು ಹುಡುಕಿ ಕರೆತಂದೆವು. ಅವನು ಬಹಳ ಹೊತ್ತು ಆ ಸಾಲನ್ನು ನೋಡಿದ.

"ಅವತ್ತು ಭಾಳ ಮಂದಿ ಇದ್ರಕ್ಕ. ಈ ಕಡೀ ಎರಡು ಸಾಲಿನಾಗ ಎಲ್ಲೋ ಇರಬೇಕು. ಖರೇ ಹೇಳ್ಬೇಕಂದ್ರ ನನಗ ನೆನಪಿಲ್ಲ."

ಅಕ್ಕ ತಲೆಯಾಡಿಸಿ ಅವನನ್ನು ಕಳಿಸಿದಳು. ಆ ಎರಡು ಸಾಲುಗಳ ನಡುವೆ ಒಮ್ಮೆ ನಡೆದು ಹೋಗಿ ಒಮ್ಮೆ ನಡೆದು ಬಂದಳು. ಆಮೇಲೆ ಒಂದು ದಿಬ್ಬದ ಮುಂದೆ ನಿಂತು ವೈನಿಯನ್ನು ಕರೆದಳು.

"ಇದ ನೋಡ್ರಿ ವೈನಿ."

"ಖರೇನಾ ಯವ್ವಾ? ಯಾರು ಹೇಳಿದ್ರು?"

"ಇಟ್ಟಾತನ ಹೇಳ್ಯಾನ. ಅವರ ಹೆಬ್ಬೆರಳು ನೋಡಿ ಗುರ್ತು ಇಟಕೊಂಡಿದ್ನಂತ. ಉಗುರಿದ್ದಿಲ್ಲಂತ."

ವೈನಿ ನನ್ನ ಮುಖ ನೋಡಿದರು. ನಾನು ಹೌದೆಂದು ಗೋಣು ಹಾಕಿದೆ. ಅವರು ಮೆಲ್ಲಗೆ ಕೆಳಗೆ ಕೂತು, ಎರಡೂ ಅಂಗೈಗಳನ್ನು ಆ ಮಣ್ಣಿನ ಮೇಲೆ ಊರಿ, ಅಷ್ಟು ದಿನ ತಡೆದಿದ್ದ ಅಳುವನ್ನೆಲ್ಲ ಒಮ್ಮೆಲೇ ಅತ್ತರು. ಅಕ್ಕ ಪಕ್ಕದಲ್ಲಿ ಕೂತು ಅವರ ಬೆನ್ನು ಸವರುತ್ತಿದ್ದಳು. ಅದು ಮಿಸ್ತ್ರಿಯವರ ಮಣ್ಣೋ ಅಲ್ಲವೋ ನನಗೆ ಗೊತ್ತಿಲ್ಲ. ವರ್ಷಕ್ಕೊಮ್ಮೆ ಅಲ್ಲಿಗೇ ಎಡೆ ಒಯ್ಯುತ್ತೇವೆ.